ಎರಡು ರಾಟೆಯ ಬಾವಿ

ಕಂಕನಾಡಿ ಮಾರುಕಟ್ಟೆಯ ಹಿಂದಿನಿಂದ ಇಳಿಜಾರಾಗಿ ಕೆಳಗೆ ಹೋಗುವ ಓಣಿಯಲ್ಲಿ ಬೀಫಾತಿಮ್ಮನ ಮನೆ ಕೇಳಿದರೆ ಮೊದಲೆಲ್ಲ ಜನ, “ರೊಟ್ಟಿಯ ಬೀಫಾತಿಮ್ಮನದ್ದಾ?” ಎಂದು ಕೈ ತೋರಿಸುತ್ತಿದ್ದರು. ಈಗ “ಕಂಪ್ಲೇಂಟಿನ ಬೀಫಾತಿಮ್ಮನದ್ದಾ?” ಎನ್ನುತ್ತಾರೆ. ಹೆಸರು ಹೀಗೆ ಬದಲಾದದ್ದು ಅವಳು ಬಯಸಿ ಅಲ್ಲ.

ಅವಳ ತವರು ಕಾಟಿಪಳ್ಳ. ಮದುವೆಯಾಗಿ ಈ ಓಣಿಗೆ ಬಂದಾಗ ಗಂಡ ಕಬೀರನಿಗೆ ಮಾರುಕಟ್ಟೆಯೊಳಗೆ ಒಣಮೀನಿನ ಅಂಗಡಿ ಇತ್ತು. ಹೊಸ ಮನೆಯಲ್ಲಿ ಅವಳಿಗೆ ಮೊದಲು ಸೋಜಿಗವೆನಿಸಿದ್ದು ಬಾವಿ. ಅದು ಕಂಪೌಂಡ್ ಗೋಡೆಯ ಕೆಳಗೇ ಇತ್ತು. ಅರ್ಧ ಈಚೆ, ಅರ್ಧ ಆಚೆ. ಗೋಡೆ ಕಟ್ಟುವಾಗ ನೀರನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಾಗದೆ ಎರಡು ಮನೆಯ ಹಿರಿಯರು ಮಾಡಿಕೊಂಡ ಏರ್ಪಾಡು. ಈಚೆಗೊಂದು ರಾಟೆ, ಆಚೆಗೊಂದು ರಾಟೆ. ಆಚೆಯ ಹಗ್ಗ ಎಳೆಯುತ್ತಿದ್ದವಳು ವಿನಿಫ್ರೆಡ್, ಆಸ್ಪತ್ರೆಯಲ್ಲಿ ನರ್ಸು. ಬೆಳಗ್ಗಿನ ಡ್ಯೂಟಿಗೆ ಹೊರಡುವ ಮೊದಲು ಅವಳು ನೀರು ಸೇದುವುದು, ಅದೇ ಹೊತ್ತಿಗೆ ಬೀಫಾತಿಮ್ಮನೂ ಕೊಡಪಾನ ತರುವುದು. ಗೋಡೆ ಎದೆಮಟ್ಟ ಇದ್ದುದರಿಂದ ಮುಖ ಕಾಣುತ್ತಿತ್ತು. ಒಬ್ಬಳ ಮನೆಮಾತು ಬ್ಯಾರಿ, ಇನ್ನೊಬ್ಬಳದ್ದು ಕೊಂಕಣಿ. ಇಬ್ಬರೂ ಸ್ವಲ್ಪ ತುಳು, ಸ್ವಲ್ಪ ಕನ್ನಡ ಸೇರಿಸಿ ಮಾತಾಡಿದರು. ಓಣಿಯವರ ಹಾಗೆ ಬೀಫಾತಿಮ್ಮನೂ ಅವಳನ್ನು ಗೌರವದಿಂದ ‘ವಿನ್ನಿಬಾಯಿ’, ‘ಬಾಯಿ’ ಎಂದು ಕರೆಯುತ್ತಿದ್ದಳು. ಮಾತು ಹಾಗೇ ಬೆಳೆದು, ಮಕ್ಕಳ ಹೆರಿಗೆ, ಸಾವು, ಕ್ರಿಸ್ಮಸ್ಸಿನ ಕುಸ್ವಾರು ತಿಂಡಿಗಳು, ಈದಿನ ಬಿರಿಯಾನಿ ಎಲ್ಲವೂ ಆ ಗೋಡೆಯ ಮೇಲಿನಿಂದ ಆಚೀಚೆ ದಾಟಿದವು.

ಕಬೀರನಿಗೆ ಪಾರ್ಶ್ವವಾಯು ಬಡಿದು ಅಂಗಡಿ ಮುಚ್ಚಿದ ಮೇಲೆ ಬೀಫಾತಿಮ್ಮ ರೊಟ್ಟಿ ಮಾಡಲು ಕೂತಳು. ಕುಚ್ಚಲಕ್ಕಿ ನೆನೆಸಿ, ತೆಂಗಿನಕಾಯಿ, ಜೀರಿಗೆ ಸೇರಿಸಿ ರುಬ್ಬಿ, ಬಾಳೆಲೆಯ ಮೇಲೆ ತೆಳ್ಳಗೆ ತಟ್ಟಿ ಕಾವಲಿಯಲ್ಲಿ ಬೇಯಿಸುವ ರೊಟ್ಟಿ. ಮಾರುಕಟ್ಟೆಯ ಹತ್ತಿರ ಹಿಶಾಮನ ಹೋಟೆಲಿಗೆ ಅದೇ ಬೇಕಾಗಿತ್ತು. ಮಗ ಅಫ್ರೋಝ್ ಸೌದಿಗೆ ಹೋದ ಮೇಲೂ ಅವಳು ಅದನ್ನು ಬಿಡಲಿಲ್ಲ. ಸೊಸೆ ಶಬ್ನಮ್ ಕೈಜೋಡಿಸಿದಳು. ರೊಟ್ಟಿ ಚಂದ ಆಗುವುದು ಅಕ್ಕಿಯಿಂದಲ್ಲ, ನೀರಿನಿಂದ ಎಂದು ಬೀಫಾತಿಮ್ಮ ಹೇಳುತ್ತಿದ್ದಳು. ಬಾವಿಯ ನೀರಿಗೆ ಸಣ್ಣಗೆ ಒಂದು ಸಿಹಿ ಇತ್ತು. ಓಣಿಯ ತುದಿಯವರೆಗೆ ನಳ್ಳಿ ಬಂದಿದ್ದರೂ ಒಳಗಿನವರು ಯಾರೂ ಅದನ್ನು ಕೇಳಲಿಲ್ಲ. ಮನೆಗೊಂದು ಬಾವಿ ಇರುವಾಗ ಯಾರಿಗೆ ಬೇಕು ನಳ್ಳಿ?

ಬಾವಿಗಳಿಂದ ಕೂಗಳತೆಯಲ್ಲಿ ಒಂದು ತೋಡು ಹರಿಯುತ್ತಿತ್ತು. ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಕಣಕಾಲು ಮುಚ್ಚುವಷ್ಟು. ಆಮೇಲೆ ಮೇಲಿನ ಗುಡ್ಡೆಯಲ್ಲಿ ಫ್ಲ್ಯಾಟುಗಳು ಎದ್ದವು. ಒಂದರ ಹಿಂದೆ ಒಂದು, ನಡುವೆ ಲಾಡ್ಜು, ಹೋಟೆಲು. ಅವು ಬಂದ ಮೇಲೆ ತೋಡು ಬೇಸಿಗೆಯಲ್ಲೂ ತುಂಬಿ ಹರಿಯತೊಡಗಿತು. ಮೊದಲು ಸಾಬೂನಿನ ನೊರೆ ಬಂತು. ಆಮೇಲೆ ನೀರು ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಜನ ಕಿಟಕಿ ಮುಚ್ಚಿ ಮಲಗಲು ಕಲಿತರು.

ಒಂದು ಏಪ್ರಿಲಿನಲ್ಲಿ ಶಬ್ನಮ್ ಅಕ್ಕಿ ತೊಳೆಯುತ್ತಿದ್ದವಳು ಕೈ ಮೂಸಿ ನೋಡಿ, “ಮಾಮಿ, ನೀರು ವಾಸನೆ ಬರ್ತದೆ,” ಅಂದಳು. ಬೀಫಾತಿಮ್ಮ ಮೂಸಿದಳು. ಎಲೆ ಬಿದ್ದು ಕೊಳೆತಿರಬೇಕೆಂದು ಬಾವಿ ಕೆರೆಸಿ ಸ್ವಚ್ಛ ಮಾಡಿಸಿದಳು. ಎರಡು ವಾರ ಸರಿ ಇತ್ತು. ಮತ್ತೆ ಬಂತು. ಆ ಬೇಸಿಗೆಯಲ್ಲೇ ಮೊಮ್ಮಗಳು ಝಹ್ರಾಳ ಕಣ್ಣು ಹಳದಿಯಾದದ್ದು. ಮಗು ಅನ್ನ ಕಂಡರೆ ಮುಖ ತಿರುಗಿಸಿತು, ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆ ಕಡೆ ಮಲಗಿತು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ಕುಡಿಯುವ ನೀರು ಎಲ್ಲಿಂದ?” ಬಾವಿಯದ್ದು ಎನ್ನಲು ಬೀಫಾತಿಮ್ಮನಿಗೆ ಮೊದಲ ಸಲ ನಾಚಿಕೆಯಾಯಿತು.

ಝಹ್ರಾ ಮೆಲ್ಲಗೆ ಗುಣವಾದಳು. ವಿನಿಫ್ರೆಡ್ ಗೋಡೆಯ ಹತ್ತಿರ ನಿಂತು ಹೇಳಿದಳು, “ಇದು ಸುಮ್ಮನೆ ಬಿಡುವ ವಿಷಯ ಅಲ್ಲ ಬೀಫಾತಿಮ್ಮ. ಮೇಲಿನವರ ಕಕ್ಕಸು ನಮ್ಮ ಬಾವಿಗೆ ಇಳಿತಾ ಉಂಟು. ಹೋಗಿ ಹೇಳುವ.”

“ಯಾರಿಗೆ ಹೇಳುದು ಬಾಯಿ?”

“ಅದೇ ನೋಡ್ಬೇಕು.”

ಯಾರಿಗೆ ಹೇಳುವುದು ಎಂದು ಕಂಡುಹಿಡಿಯುವುದರಲ್ಲೇ ಒಂದು ಮಳೆಗಾಲ ಹೋಯಿತು. ರಿಟೈರಾಗಿದ್ದ ವಿನಿಫ್ರೆಡ್ ಅರ್ಜಿ ಬರೆದಳು, ಬೀಫಾತಿಮ್ಮ ಜೊತೆಗೆ ಬಸ್ಸು ಹತ್ತಿದಳು. ಮೊದಲ ಕಚೇರಿಯವರು ಸಭ್ಯರೇ. ಕುರ್ಚಿ ಕೊಟ್ಟರು. “ಅಮ್ಮಾ, ಅದು ರಾಜಕಾಲುವೆ. ಕಾಲುವೆ ನಮ್ಮದು. ಹೂಳು ತೆಗೆಯುದು ನಮ್ಮ ಕೆಲಸ. ಅದರಲ್ಲಿ ಹರಿಯುವ ನೀರು ಎಲ್ಲಿಂದ ಬಂತು ಅಂತ ನಾವು ಹೇಗೆ ಹೇಳುದು? ಅದಕ್ಕೆ ಬೇರೆ ಡಿಪಾರ್ಟ್‌ಮೆಂಟ್ ಉಂಟು.”

ಬೇರೆ ಡಿಪಾರ್ಟ್‌ಮೆಂಟಿನವರು ಕಡತ ತೆರೆದು ನೋಡಿದರು. “ಆ ಫ್ಲ್ಯಾಟಿನಲ್ಲಿ ಗಲೀಜು ನೀರು ಶುದ್ಧ ಮಾಡುವ ಮೆಷಿನ್ ಉಂಟು. ಮೆಷಿನ್ ಇರುವಾಗ ಗಲೀಜು ಹೊರಗೆ ಬರ್ಲಿಕ್ಕಿಲ್ಲ.”

“ಬರ್ತಾ ಉಂಟಲ್ಲ ಸಾರ್,” ಅಂದಳು ಬೀಫಾತಿಮ್ಮ.

“ಬರ್ಲಿಕ್ಕಿಲ್ಲ ಅಮ್ಮ.”

“ನಮ್ಮ ಮನೆ ಹಿಂದೆಯೇ ಹರಿಯುದು. ಒಮ್ಮೆ ಬಂದು ನೋಡಿ.”

“ಅದು ಬೇರೆ ಯಾರದ್ದಾದ್ರೂ ಇರ್ಬಹುದು.”

ಮೂರನೆಯ ಕಚೇರಿಯಲ್ಲಿ ಕಾಯಿಲೆಯ ಲೆಕ್ಕ ಕೇಳಿದರು. “ಜಾಂಡೀಸ್ ಆದದ್ದು ಒಬ್ಬಳಿಗೆ ಮಾತ್ರವಾ? ಐದಾರು ಮಂದಿಗೆ ಆಗಿದ್ರೆ ನಾವು ಕೂಡ್ಲೇ ಬರ್ತಿದ್ದೆವು.” ವಿನಿಫ್ರೆಡ್ ಕೆಂಪಾದಳು. “ಹಾಗಾದ್ರೆ ಐದಾರು ಮಂದಿಗೆ ಆಗ್ಲಿ ಅಂತ ಕಾಯ್ಬೇಕಾ ನಾವು?” ಕೌಂಟರಿನ ಹುಡುಗಿ ತಲೆ ಎತ್ತಲಿಲ್ಲ. ಅವಳಿಗೂ ಸುಸ್ತಾಗಿತ್ತು, ಹಿಂದೆ ಸಾಲು ಉದ್ದ ಇತ್ತು.

ಮನೆಗೆ ಬರುವಾಗ ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು. ಯಾರೂ ಬೈದಿರುತ್ತಿರಲಿಲ್ಲ, ಹೊರಗೆ ಹಾಕಿರುತ್ತಿರಲಿಲ್ಲ. ಆದರೂ ಮೈ ಮೇಲೆ ಕಲ್ಲು ಹೊತ್ತು ಬಂದ ಹಾಗೆ ಇರುತ್ತಿತ್ತು. ಕಬೀರ್ ಜಗುಲಿಯಲ್ಲಿ ಕೂತು, ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ತೊದಲುತ್ತ ಕೇಳುವನು, “ಎಂತ ಹೇಳಿದ್ರು?” ಅವಳು “ನೋಡ್ತಾರಂತೆ” ಅನ್ನುವಳು. ಇನ್ನೇನು ಹೇಳುವುದು?

ಮೊದಲನೆಯ ಕಚೇರಿಗೆ ಏವ್ರಿಲ್ ಎಂಬ ಎಂಜಿನಿಯರ್ ಹುಡುಗಿ ಬಂದ ಮೇಲೆ ವಿಷಯ ಅಲುಗಾಡಿತು. ಉರ್ವದವಳು, ಸ್ಕೂಟರಿನಲ್ಲಿ ತಾನೇ ಓಣಿಗೆ ಬಂದಳು. ತೋಡಿನ ದಂಡೆಯಲ್ಲಿ ಮೂಗಿಗೆ ದುಪಟ್ಟ ಒತ್ತಿಕೊಂಡು ನಡೆದು, ಕಲ್ಲಿನ ನಡುವಿನಿಂದ ಹೊರಬಿದ್ದ ಕೊಳವೆಗಳ ಫೋಟೋ ತೆಗೆದಳು. “ಒಂದಲ್ಲ ಆಂಟಿ, ತುಂಬ ಉಂಟು,” ಅಂದಳು. “ಫ್ಲ್ಯಾಟಿನದ್ದು ದೊಡ್ಡದು. ಆದ್ರೆ ಒಳಚರಂಡಿಯ ಹಳೆ ಲೈನೂ ಒಡೆದಿದೆ. ಎಲ್ಲ ಇಲಾಖೆಯವರನ್ನೂ ಒಟ್ಟಿಗೆ ಕರೆದು ತೋರಿಸ್ಬೇಕು. ದೂರು ಕಾಯಿಲೆ ಆದ ಮನೆಯವರ ಹೆಸರಲ್ಲೇ ಇರ್ಲಿ, ಗಟ್ಟಿ ನಿಲ್ತದೆ.” ಹಾಗಾಗಿ ದೂರು ಬೀಫಾತಿಮ್ಮನ ಹೆಸರಿಗೆ ಬಂತು.

ಎಲ್ಲರೂ ಒಟ್ಟಿಗೆ ಬರುವ ದಿನ ಗೊತ್ತಾಯಿತು. ಗೊತ್ತಾದದ್ದು ಓಣಿಗೆ ಮಾತ್ರವಲ್ಲ. ಹಿಂದಿನ ದಿನ ಯಾರೋ ತೋಡಿನ ಉದ್ದಕ್ಕೂ ಬ್ಲೀಚಿಂಗ್ ಪೌಡರ್ ಚೆಲ್ಲಿದರು. ಬರುವ ದಿನ ಫ್ಲ್ಯಾಟಿನ ಕೊಳವೆಯಿಂದ ಹನಿ ನೀರೂ ಬೀಳಲಿಲ್ಲ; ಮೆಷಿನ್ನು ಗುಯ್ಯೆಂದು ಸದ್ದು ಮಾಡುತ್ತಿತ್ತಂತೆ. ಜೀಪುಗಳು ಓಣಿಯ ಬಾಯಲ್ಲಿ ನಿಂತವು. ಸಾಹೇಬರುಗಳು ತೋಡು ನೋಡಿದರು, ಬಾವಿ ನೋಡಿದರು, ಬಾಟ್ಲಿಗಳಲ್ಲಿ ನೀರು ತುಂಬಿಸಿದರು. ಬಿಸಿಲು ಚುರುಕಾಗಿತ್ತು.

ಮನೆಯಂಗಳಕ್ಕೆ ಬಂದವರನ್ನು ಬರಿಗೈಲಿ ಕಳಿಸುವ ಕ್ರಮ ಬೀಫಾತಿಮ್ಮನಲ್ಲಿ ಇರಲಿಲ್ಲ. ಅಂಗಡಿಯ ಬಾಟ್ಲಿ ನೀರಿನಲ್ಲಿ ಚಾ ಮಾಡಿಸಿದಳು. ಬೆಳಗ್ಗೆ ಹೋಟೆಲಿಗೆ ಕಳಿಸಿ ಉಳಿದಿದ್ದ ರೊಟ್ಟಿಯನ್ನೂ ತಟ್ಟೆಯಲ್ಲಿಟ್ಟು ತಂದಳು. ಒಬ್ಬ ಅಧಿಕಾರಿ ರೊಟ್ಟಿ ಮುರಿದು ಬಾಯಿಗಿಟ್ಟು, “ಒಳ್ಳೆದುಂಟು. ಮಾರಾಟಕ್ಕೆ ಮಾಡುದಾ?” ಎಂದು ಕೇಳಿದ.

“ಹೌದು ಸಾರ್, ಹೋಟೆಲಿಗೆ.”

“ಯಾವ ನೀರಲ್ಲಿ?”

 ಕುಡಿಯಲು ಓಣಿಯ ತುದಿಯಿಂದ ನಳ್ಳಿ ನೀರು ಹೊತ್ತು ತರುತ್ತಿದ್ದರು. ಅಷ್ಟು ಅಕ್ಕಿ ನೆನೆಸಲು, ತೊಳೆಯಲು ಹೊತ್ತು ತರುವುದು ಆಗುವ ಮಾತಲ್ಲ. “ಬಾವಿಯದ್ದೇ ಸಾರ್. ಕುದಿಸಿ ಆರಿಸಿ ಹಾಕುದು. ರೊಟ್ಟಿಯೂ ಬೆಂಕಿಯಲ್ಲಿ ಬೇಯ್ತದಲ್ಲ,” ಅಂದಳು. ಸುಳ್ಳು ಹೇಳಿದ್ದರೆ ಆಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿತು ಅವಳಿಗೆ. ಹೇಳದೆ ಇದ್ದದ್ದು ಒಳ್ಳೆಯದಾಯಿತು ಎಂದೂ ಅನಿಸಿತು. ಆ ಪ್ರಶ್ನೆಯನ್ನು ಅವಳೇ ತನಗೆ ಕೇಳಿಕೊಳ್ಳದೆ ತಳ್ಳುತ್ತ ಬಂದಿದ್ದಳು.

ಅಧಿಕಾರಿ ಕೈಯಲ್ಲಿದ್ದ ತುಂಡನ್ನು ತಟ್ಟೆಯ ಅಂಚಿಗೆ ಇಟ್ಟ.

ನೀರಿನ ಪರೀಕ್ಷೆಯಲ್ಲಿ ಓಣಿಯ ಬಾವಿಗಳೆಲ್ಲ ಕೆಟ್ಟಿವೆ ಎಂದು ಬಂತು. ಕೆಡಿಸಿದವರು ಯಾರು ಎಂಬುದಕ್ಕೆ ಇನ್ನಷ್ಟು ಅಧ್ಯಯನ ಬೇಕಿತ್ತು. ಆದರೆ ಕೆಟ್ಟ ನೀರಿನಲ್ಲಿ ತಿಂಡಿ ಮಾಡಿ ಮಾರುವವರು ಯಾರು ಎಂಬುದಕ್ಕೆ ಅಧ್ಯಯನ ಬೇಕಿರಲಿಲ್ಲ. ಇಬ್ಬರು ಬಂದು ಬೀಫಾತಿಮ್ಮನ ಬಾಗಿಲಿಗೆ ನೋಟಿಸು ಅಂಟಿಸಿದರು. ಶುದ್ಧ ನೀರಿನ ವ್ಯವಸ್ಥೆ ಆಗುವವರೆಗೆ ಆಹಾರ ತಯಾರಿಸುವಂತಿಲ್ಲ. ಇಡೀ ದೂರಿನಿಂದ ಹೊರಟ ಮೊದಲ ಕ್ರಮ ಅದು.

ಶಬ್ನಮ್ ಕಾವಲಿಯನ್ನು ತೊಳೆದು ಗೋಡೆಗೆ ಒರಗಿಸಿದಳು. “ನಾವು ಹೇಳ್ಲಿಕ್ಕೆ ಹೋದದ್ದಕ್ಕೆ ನಮಗೇ ಬಂತಲ್ಲ ಮಾಮಿ,” ಅಂದಳು. ಬೀಫಾತಿಮ್ಮ ಹಿಶಾಮನಿಗೆ ಫೋನು ಮಾಡಿ, ನಾಳೆಯಿಂದ ರೊಟ್ಟಿ ಇಲ್ಲ ಎಂದಳು. ಅವನು, “ಆಯ್ತು ಉಮ್ಮ, ನೀವು ಬೇಜಾರು ಮಾಡ್ಬೇಡಿ,” ಎಂದ. ವಾರದೊಳಗೆ ಬೇರೆ ಕಡೆಯಿಂದ ಮೆಷಿನ್ ರೊಟ್ಟಿ ತರಿಸಿದ.

ಅಷ್ಟಕ್ಕೇ ಮುಗಿಯಲಿಲ್ಲ. ಓಣಿಯ ಬಾವಿಕಟ್ಟೆಗಳ ಮೇಲೆಲ್ಲ ಕೆಂಪು ಪೈಂಟಿನಲ್ಲಿ ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಹೋದರು. ಆ ಓಣಿಯ ಹಲವು ಮನೆಗಳಲ್ಲಿ ನರ್ಸಿಂಗ್ ಕಲಿಯುವ ಕೇರಳದ ಮಕ್ಕಳು ಬಾಡಿಗೆಗಿದ್ದರು. ಕೆಂಪು ಅಕ್ಷರ ಕಂಡದ್ದೇ ಅವರು ಗಂಟುಮೂಟೆ ಕಟ್ಟಿದರು. ಮೂಲೆಮನೆಯ ಡಾಲಿ ಮಹಡಿಯ ಮೇಲಿನ ಕೋಣೆಗಳನ್ನು ನಂಬಿಯೇ ಬದುಕುತ್ತಿದ್ದವಳು. ಅವಳು ದಾರಿಯಲ್ಲೇ ಬೀಫಾತಿಮ್ಮನನ್ನು ನಿಲ್ಲಿಸಿದಳು.

“ನಿನಗೆ ಎಂತ ಸಿಕ್ಕಿತು ಈಗ? ಹೇಳು. ನೀರು ಹಾಳಾದದ್ದು ನಮಗೆಲ್ಲ ಗೊತ್ತಿತ್ತು ಮಾರಾಯ್ತಿ. ಫಿಲ್ಟರ್ ಹಾಕಿ ಸುಧಾರಿಸ್ತಿದ್ದೆವು. ಈಗ ಊರಿಗೆಲ್ಲ ಗೊತ್ತಾಯ್ತು.”

“ನನ್ನ ಪುಳ್ಳಿಗೆ ಜಾಂಡೀಸ್ ಆದದ್ದು ಡಾಲಿ.”

“ಗುಣ ಆಯ್ತಲ್ಲ?”

ಆ ಮಾತು ಅವಳನ್ನು ಬಹಳ ದಿನ ಕಾಡಿತು. ಡಾಲಿ ಕೆಟ್ಟವಳಲ್ಲ. ಝಹ್ರಾ ಆಸ್ಪತ್ರೆಯಲ್ಲಿದ್ದಾಗ ಗಂಜಿ ಮಾಡಿ ತಂದವಳೂ ಅವಳೇ.

ಏವ್ರಿಲ್ ಮಾತ್ರ ಬಿಡಲಿಲ್ಲ. ಮೇಲಿನ ಫ್ಲ್ಯಾಟಿನವರಿಗೆ ನೋಟಿಸು ಕಳಿಸಿದಳು. ಅವರು ಉತ್ತರಕ್ಕೆ ಸಮಯ ಕೇಳಿದರು. ಸಮಯ ಮುಗಿದ ಮೇಲೆ ಮೆಷಿನ್ನು ರಿಪೇರಿಯಲ್ಲಿದೆ ಎಂದರು. ಬಿಲ್ಡರ್ ಕಟ್ಟಿಕೊಟ್ಟದ್ದು, ಬಿಲ್ಡರನ್ನು ಕೇಳಿ ಎಂದರು. ಬಿಲ್ಡರ್ ತಾನು ಅಸೋಸಿಯೇಷನ್ನಿಗೆ ಒಪ್ಪಿಸಿ ಆಗಿದೆ ಎಂದ. ಒಡೆದ ಒಳಚರಂಡಿಗೆ ಟೆಂಡರ್ ಕರೆದರೆ ಯಾರೂ ಬರಲಿಲ್ಲ, ಮತ್ತೆ ಕರೆದರು. ಅಷ್ಟರಲ್ಲಿ ಚುನಾವಣೆ ಬಂತು, ಎಲ್ಲ ನಿಂತಿತು. ಏವ್ರಿಲ್ ಪ್ರತಿ ಸಲವೂ ಫೋನು ಮಾಡಿ ಹೇಳುತ್ತಿದ್ದಳು. ಪ್ರತಿ ಸಲವೂ ಅವಳ ದನಿ ಸ್ವಲ್ಪ ತಗ್ಗಿರುತ್ತಿತ್ತು. ಒಂದು ದಿನ ಅವಳೇ ಮನೆಗೆ ಬಂದು, ಜಗುಲಿಯ ಅಂಚಿನಲ್ಲಿ ಕೂತು, “ನನಗೆ ಟ್ರಾನ್ಸ್‌ಫರ್ ಆಯ್ತು ಆಂಟಿ, ಘಟ್ಟದ ಮೇಲೆ,” ಅಂದಳು.

“ನಮ್ಮಿಂದಾಗಿಯಾ ಮಗಳೇ?”

“ಅಲ್ಲ. ಎಲ್ಲರಿಗೂ ಆಗ್ತದೆ.” ಹೌದೋ ಅಲ್ಲವೋ ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಅವಳ ಜಾಗಕ್ಕೆ ಬಂದವರು ನಿವೃತ್ತಿಗೆ ಹತ್ತಿರವಾದ, ಮೃದು ಮಾತಿನ ಮನುಷ್ಯ. ತೋಡಿನ ವಿಷಯಕ್ಕೆ ಅವರು ಹೋಗಲೇ ಇಲ್ಲ. ಬೀಫಾತಿಮ್ಮನನ್ನು ಕರೆಸಿ ಎದುರಿಗೆ ಕೂರಿಸಿ ಹೇಳಿದರು: “ನೋಡಿ ಅಮ್ಮ, ನಿಮಗೆ ಬೇಕಾದ್ದು ಒಳ್ಳೆ ನೀರು ಅಲ್ವಾ? ಇಡೀ ಓಣಿಗೆ ನಳ್ಳಿ ಕೊಡುವ. ಮೇಲಿನಿಂದ ಒಪ್ಪಿಗೆ ಸಿಗ್ತದೆ. ಆದ್ರೆ ಕೇಸ್ ಓಪನ್ ಇರುವಾಗ ಸಿಗ್ಲಿಕ್ಕಿಲ್ಲ. ದೂರು ಇತ್ಯರ್ಥ ಆಗಿದೆ ಅಂತ ನೀವೊಂದು ಸೈನ್ ಹಾಕಿದ್ರೆ ನನಗೂ ಸುಲಭ, ನಿಮಗೂ ಸುಲಭ.”

“ತೋಡು?”

“ತೋಡಿನದ್ದು ಬೇರೆ ಯೋಜನೆಯಲ್ಲಿ ಬರ್ತದೆ.”

ಸುದ್ದಿ ಅವಳಿಗಿಂತ ಮೊದಲೇ ಓಣಿ ಮುಟ್ಟಿತ್ತು. ಸಂಜೆ ಡಾಲಿ ಬಂದಳು, ಇನ್ನೂ ನಾಲ್ಕಾರು ಮನೆಯವರು ಬಂದರು. ಈ ಸಲ ಯಾರೂ ಜೋರು ಮಾಡಲಿಲ್ಲ. ಅಂಗಳದಲ್ಲಿ ನಿಂತು ಮೆತ್ತಗೆ ಕೇಳಿದರು. “ಒಂದು ಸೈನ್ ಬೀಫಾತಿಮ್ಮ. ನಮ್ಮ ಮಕ್ಕಳ ಮುಖ ನೋಡಿ.” ಅದು ಬೈಗುಳಕ್ಕಿಂತ ಭಾರವಾಗಿತ್ತು.

ಅವರು ಹೋದ ಮೇಲೆ ಗೋಡೆಯ ಆಚೆಯಿಂದ ವಿನಿಫ್ರೆಡ್ ಕರೆದಳು. “ಹಾಕ್ಬೇಡ,” ಅಂದಳು.

“ಬಾಯಿ, ನಳ್ಳಿ ಬರ್ತದೆ. ನಿಮಗೂ ಬರ್ತದೆ.”

“ನಮಗೆ ಬರ್ತದೆ. ತೋಡು ನಮ್ಮ ಓಣಿಯಲ್ಲಿ ನಿಲ್ತದಾ? ಅದು ಕೆಳಗೆ ಹೋಗಿ ಹೊಳೆಗೆ ಸೇರ್ತದೆ. ಅಲ್ಲಿಯೂ ಬಾವಿ ಉಂಟು, ಮಕ್ಕಳು ಉಂಟು. ದೂರು ಒಮ್ಮೆ ಮುಚ್ಚಿದ್ರೆ ಮತ್ತೆ ತೆರೆಯುದಿಲ್ಲ ಇವರು. ನಾವಿಷ್ಟು ವರ್ಷ ತಿರುಗಿದ್ದು ಒಂದು ನಳ್ಳಿಗಾ?”

“ನನ್ನಿಂದ ಇನ್ನು ಆಗುದಿಲ್ಲ ಬಾಯಿ.” ಎಂದಳು ಬೀಫಾತಿಮ್ಮ. “ನಿಮಗೆ ಪೆನ್ಷನ್ ಉಂಟು. ನನ್ನ ಕಾವಲಿ ತುಕ್ಕು ಹಿಡಿತಾ ಉಂಟು. ಓಣಿಯಲ್ಲಿ ನಡೆದ್ರೆ ಜನ ಮುಖ ತಿರುಗಿಸ್ತಾರೆ. ಮನೆಯಲ್ಲಿ ಗಂಡ ಬೇರೆ ಎರಡು ಹೆಜ್ಜೆ ನಡಿಲಿಕ್ಕೂ ನನ್ನನ್ನೇ ಕರಿತಾರೆ. ಎಷ್ಟು ಅಂತ ಹೋರಾಡುದು?”

ವಿನಿಫ್ರೆಡ್, “ನಿನ್ನ ಹೆಸರಲ್ಲಿ ಹಾಕಿಸಿದ್ದೇ ನಮ್ಮ ತಪ್ಪು,” ಎಂದು ಒಳಗೆ ಹೋದಳು. ಅದು ಕನಿಕರವೋ ಆಕ್ಷೇಪವೋ ಬೀಫಾತಿಮ್ಮನಿಗೆ ತಿಳಿಯಲಿಲ್ಲ.

ಅವಳು ಸಹಿ ಹಾಕಿದಳು.  ದುಃಖ ಬರಲಿಲ್ಲ. ಭಾರದ ಚೀಲವನ್ನು ನೆಲಕ್ಕಿಟ್ಟ ಹಾಗೆ ಭುಜ ಹಗುರವಾಯಿತು. ಕಚೇರಿಯ ಮೆಟ್ಟಿಲಿಳಿಯುವಾಗ ಆ ಹಗುರವೇ ಅಸಹ್ಯವಾಯಿತು.

ಮಳೆಗಾಲ ಕಳೆದು ಓಣಿ ಅಗೆದರು, ನೀಲಿ ಕೊಳವೆ ಹಾಕಿದರು. ನಳ್ಳಿಯಲ್ಲಿ ನೀರು ಬಂದ ದಿನ ಮಕ್ಕಳು ಕುಣಿದರು. ಡಾಲಿಯ ಕೋಣೆಗಳಿಗೆ ಹೊಸ ವಿದ್ಯಾರ್ಥಿನಿಯರು ಬಂದರು. ಬೀಫಾತಿಮ್ಮನ ಬಾಗಿಲ ನೋಟಿಸನ್ನು ಹಾಕಿದವರೇ ಬಂದು ಕೆರೆದು ತೆಗೆದರು. ಶಬ್ನಮ್ ಕಾವಲಿಗೆ ಎಣ್ಣೆ ಹಚ್ಚಿ ಒಲೆಗಿಟ್ಟಳು. ನಳ್ಳಿ ನೀರಿನ ರೊಟ್ಟಿಗೆ ಔಷಧದ ಸಣ್ಣ ವಾಸನೆ ಇತ್ತು. ತಿನ್ನುವವರಿಗೆ ಗೊತ್ತಾಗುತ್ತಿರಲಿಲ್ಲ, ಮಾಡಿದವಳಿಗೆ ಗೊತ್ತಾಗುತ್ತಿತ್ತು. ಹಿಶಾಮ್ ಮೊದಲಿನ ಕಾಲು ಭಾಗದಷ್ಟು ತೆಗೆದುಕೊಂಡ. “ಮೆಷಿನಿನವರಿಗೆ ಮಾತು ಕೊಟ್ಟಾಗಿದೆ ಉಮ್ಮ,” ಎಂದ. ಅದೂ ನಿಜವೇ. ಬಾವಿಗೆ ಮೀನಿನ ಬಲೆ ಹೊದೆಸಿ ಕಟ್ಟಿದರು. ತೋಡು ಅದರಷ್ಟಕ್ಕೆ ಹರಿಯುತ್ತಲೇ ಇತ್ತು.

ನೀರು ಸೇದಲು ಇಲ್ಲದ ಮೇಲೆ ಗೋಡೆಯ ಹತ್ತಿರ ಹೋಗಲು ನೆಪವೂ ಇರಲಿಲ್ಲ. ವಿನಿಫ್ರೆಡ್ ಕಂಡರೆ ತಲೆ ಆಡಿಸುತ್ತಿದ್ದಳು, ಅಷ್ಟೆ. ಆ ಕ್ರಿಸ್ಮಸ್ಸಿಗೆ ಕುಸ್ವಾರು ಬಂತು. ಆದರೆ ಗೋಡೆಯ ಮೇಲಿನಿಂದಲ್ಲ, ಗೇಟಿನಿಂದ, ಕೆಲಸದವಳ ಕೈಯಲ್ಲಿ.

ಫೆಬ್ರವರಿಯಲ್ಲಿ ಶಬ್ನಮ್ ಪೇಟೆಯಿಂದ ಬಂದವಳು ಹೇಳಿದಳು, “ಮಾಮಿ, ವಿನ್ನಿಬಾಯಿ ಸರ್ಕಲಿನಲ್ಲಿ ರಿಕ್ಷಾದ ಅಡಿಗೆ ಬೀಳ್ಲಿಕ್ಕಿತ್ತು. ಕಣ್ಣು ಕಾಣುದಿಲ್ಲ ಅವರಿಗೆ. ಕೈಯಲ್ಲಿ ಅದೇ ಹಳೆ ಫೈಲು.” ವಿನಿಫ್ರೆಡ್ ತನ್ನ ಹೆಸರಿನಲ್ಲಿ ಹೊಸ ದೂರು ಕೊಟ್ಟಿದ್ದಳು, ಯಾರಿಗೂ ಹೇಳದೆ. ಕಣ್ಣಿನ ಪೊರೆ ಬೆಳೆದಿದ್ದರೂ ಒಬ್ಬಳೇ ಬಸ್ಸು ಹತ್ತುತ್ತಿದ್ದಳು.

ಬೀಫಾತಿಮ್ಮ ಮುಂದಿನ ಸೋಮವಾರ ರೊಟ್ಟಿಯ ಕೆಲಸ ಬೇಗ ಮುಗಿಸಿ, ಬುರ್ಖಾ ಹಾಕಿಕೊಂಡು, ವಿನಿಫ್ರೆಡ್ಡಳ ಗೇಟಿನ ಹತ್ತಿರ ನಿಂತಳು.

“ನೀನೆಲ್ಲಿಗೆ?” ವಿನಿಫ್ರೆಡ್ ಕಣ್ಣು ಕಿರಿದು ಮಾಡಿ ನೋಡಿದಳು.

“ನಿಮ್ಮೊಟ್ಟಿಗೆ.”

“ನೀನು ಸೈನ್ ಹಾಕಿ ಮುಗಿಸಿದ್ದಿ.”

“ದೂರಿಗೆ ಬರುದಲ್ಲ ಬಾಯಿ, ರಸ್ತೆ ದಾಟಿಸ್ಲಿಕ್ಕೆ.” ಗೇಟಿನ ಚಿಲಕ ತೆಗೆಯುತ್ತ ಹೇಳಿದಳು, “ಆಗ್ತದೆ ಅಂತ ನನಗೆ ನಂಬಿಕೆ ಇಲ್ಲ.”

“ನನಗೆ ಉಂಟು ಅಂತ ಯಾರು ಹೇಳಿದ್ದು?” ಎಂದಳು ವಿನಿಫ್ರೆಡ್. ಆದರೆ ಕೈ ಚಾಚಿದಳು. ಬೀಫಾತಿಮ್ಮ ಮೊಣಕೈ ಹಿಡಿದುಕೊಂಡಳು.

ಕಚೇರಿಯಲ್ಲಿ ಕೌಂಟರಿನ ಹಿಂದೆ ಹೊಸಬನೊಬ್ಬ ಇದ್ದ. ವಿಷಯ ಏನೆಂದು ಕೇಳಿದ. ವಿನಿಫ್ರೆಡ್ ಮೊದಲಿನಿಂದ ಹೇಳಿದಳು. ತೋಡು, ಕೊಳವೆ, ಬಾವಿ. ಅವನು ಗಮನವಿಟ್ಟೇ ಕೇಳಿ, “ಅದು ರಾಜಕಾಲುವೆ ಅಲ್ವಾ? ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಕೂತುಕೊಳ್ಳಿ,” ಎಂದ. ಇಬ್ಬರೂ ಗೋಡೆ ಬದಿಯ ಬೆಂಚಿನಲ್ಲಿ ಕೂತರು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಬೀಫಾತಿಮ್ಮ ಚಪ್ಪಲಿ ಕಳಚಿ, ಊದಿದ ಕಾಲನ್ನು ತಣ್ಣಗಿನ ನೆಲದ ಮೇಲಿಟ್ಟಳು. ಮಧ್ಯಾಹ್ನದವರೆಗೆ ಕಾಯಬೇಕಾಗಬಹುದು ಎಂದು ಇಬ್ಬರಿಗೂ ಗೊತ್ತಿತ್ತು.